ಸಿನಮನ್ ರೋಲಿನಲ್ಲಿ ವಾಂಗಿಬಾತ್ ಪುಡಿ: ನಿಮ್ಮ ಮನೆಯಲ್ಲೂ ಹೀಗೆಲ್ಲ ಆಗುತ್ತದೆಯೇ?

ಹಿತ್ತಲ ಕರಿಬೇವು, ಮೈಸೂರು (ಭಾನುವಾರ ಸಂಜೆ)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದಿ ಸುಮ್ಮನೆ ಹೋಗುವವಳು, ಬರೆಯುವವಳಲ್ಲ. ಆದರೆ ಇವತ್ತಿನದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬಿಹೋಗುತ್ತದೆ. ಹಿಟ್ಟಂತೂ ಉಬ್ಬಲಿಲ್ಲ.

ನಾಲ್ಕನೇ ತರಗತಿ ಓದುವ ಮಗಳು ಯಾವುದೋ ವಿಡಿಯೊ ನೋಡಿ, ಸಿನಮನ್ ರೋಲ್ (ಚಕ್ಕೆ ಪುಡಿ ಸವರಿ ಸುರುಳಿ ಸುತ್ತಿದ ಸಿಹಿ ಬನ್ನು) ಮಾಡಿಕೊಡು ಎಂದು ಹದಿನೈದು ದಿನಗಳಿಂದ ಬೆನ್ನು ಹತ್ತಿದ್ದಳು. ಆಸೆಪಟ್ಟು ಕೊಂಡ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್ನು, ಒಂದೂವರೆ ವರ್ಷದಿಂದ ಕುಕ್ಕರಿನ ಹಳೆಯ ವಾಶರ್, ಜೋಡಿ ತಪ್ಪಿದ ಮುಚ್ಚಳಗಳನ್ನು ತುಂಬಿಡುವ ಕಪಾಟಾಗಿತ್ತು. ಅದನ್ನು ಖಾಲಿ ಮಾಡಿ, ಒರೆಸಿ, ಮೈದಾ ನಾದಿ, ಲಟ್ಟಿಸಿ, ಬೆಣ್ಣೆ ಕರಗಿಸಿ ಸವರಿ, ಬೆಲ್ಲದ ಪುಡಿ ಉದುರಿಸಿದ್ದಾಯಿತು. ಉಳಿದದ್ದು ಚಕ್ಕೆ ಪುಡಿ.

ನಮ್ಮ ಮನೆಯ ಪುಡಿಗಳೆಲ್ಲ ಒಂದೇ ಅಳತೆಯ ಆರು ಗಾಜಿನ ಬಾಟಲಿಗಳಲ್ಲಿವೆ. ಯಾವುದರ ಮೇಲೂ ಚೀಟಿ ಇಲ್ಲ. ನಮ್ಮತ್ತೆಗೆ ಅದು ಬೇಕಾಗಿಯೂ ಇಲ್ಲ. ಕರೆಂಟು ಹೋದಾಗಲೂ ಕೈ ಹಾಕಿ ಸರಿಯಾದದ್ದನ್ನೇ ತೆಗೆಯುತ್ತಾರೆ. "ಎಡಗಡೆಯಿಂದ ಮೂರನೆಯದು" ಎಂದು ದೇವರ ಮನೆಯಿಂದಲೇ ಕೂಗಿ ಹೇಳಿದರು. ಹಿಂದಿನ ವಾರ ಜಿರಲೆ ಔಷಧಿ ಹೊಡೆಯಲೆಂದು ಎಲ್ಲವನ್ನೂ ಕೆಳಗಿಳಿಸಿ ಮತ್ತೆ ಜೋಡಿಸಿದವರು ನಮ್ಮ ಯಜಮಾನರು ಎಂಬುದು ಇಬ್ಬರಿಗೂ ನೆನಪಾಗಲಿಲ್ಲ. ನಾನು ಮೂಸಿಯೂ ನೋಡಿದೆ. ಚಕ್ಕೆಯ ವಾಸನೆ ಘಮ್ಮೆಂದು ಬಂತು. ಬಾರದೆ ಇರುತ್ತದೆಯೇ? ವಾಂಗಿಬಾತ್ ಪುಡಿಗೆ ಚಕ್ಕೆ, ಮರಾಠಿ ಮೊಗ್ಗು ಎರಡನ್ನೂ ಧಾರಾಳವಾಗಿ ಹಾಕುವ ಕೈ ನಮ್ಮತ್ತೆಯದು.

ಮಗಳು ಮೊದಲ ತುತ್ತು ಕಚ್ಚಿ, ಸ್ವಲ್ಪ ಹೊತ್ತು ಗೋಡೆ ನೋಡಿ, "ಅಮ್ಮಾ, ಇದು ಊಟದ ಹಾಗಿದೆ" ಎಂದಳು. ಯಜಮಾನರು ಮಾತಾಡದೆ ಎರಡು ತಿಂದರು. ಮೂರನೆಯದಕ್ಕೆ ಮೊಸರು ಕೇಳಿದರು.

ಪುಡಿಯ ತಪ್ಪು ನನ್ನದು, ಒಪ್ಪುತ್ತೇನೆ. ಉಳಿದದ್ದು ಮಾತ್ರ ಅರ್ಥವಾಗುತ್ತಿಲ್ಲ. ಹಿಟ್ಟು ಎರಡು ಗಂಟೆ ಇಟ್ಟರೂ ಉಬ್ಬಲಿಲ್ಲ. ಬೆಲ್ಲವೆಲ್ಲ ಕೆಳಗಿಳಿದು ತಟ್ಟೆಯ ತಳಕ್ಕೆ ಟಾರಿನಂತೆ ಅಂಟಿಕೊಂಡಿತು. ಮೇಲೆ ಕಂದು, ಒಳಗಿನ ಸುರುಳಿ ಹಸಿ, ಹೊರಗಿನ ಸುತ್ತು ಕೋಡುಬಳೆಯಷ್ಟು ಗಟ್ಟಿ. ತಿಳಿದವರು ಹೇಳಿ. ತಿಳಿಯದವರು ನಿಮ್ಮ ಮನೆಯ ಎಡವಟ್ಟನ್ನಾದರೂ ಬರೆಯಿರಿ, ನನಗೆ ಸಮಾಧಾನವಾಗಲಿ.

ಬನ್ಸ್ ಪ್ರಿಯೆ, ಮಂಗಳೂರು

ಕರಿಬೇವು ಅಕ್ಕಾ, ನಗಬಾರದೆಂದುಕೊಂಡೇ ಓದಿದೆ, ಆಗಲಿಲ್ಲ. ಕ್ಷಮಿಸಿ. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡದು ಆಗಿದೆ. ಶೀತವಾಗಿ ಮೂಗು ಕಟ್ಟಿದ್ದ ದಿನ ನನ್ನ ತಂಗಿ ಸೀಗೆಪುಡಿಯನ್ನು ಚಕ್ಕೆ ಪುಡಿಯೆಂದು ಸೇಬಿನ ಕೇಕಿಗೆ ಹಾಕಿದ್ದಳು. ಕೇಕು ಚೆನ್ನಾಗಿಯೇ ಉಬ್ಬಿತ್ತು, ಅದೇ ದುಃಖ. "ಕೂದಲಿಗೆ ಒಳ್ಳೆಯದು, ತಿನ್ನಿ" ಎಂದು ಅಪ್ಪ ಇವತ್ತಿಗೂ ಹಂಗಿಸುತ್ತಾರೆ.

ನಿಮ್ಮ ಹಾಲು ಎಷ್ಟು ಬಿಸಿ ಇತ್ತು? ನಾನು ಮೊದಲ ಸಲ "ಬೆಚ್ಚಗಿನ ಹಾಲು" ಎಂಬುದನ್ನು ಓದಿ, ಕಾಫಿಗೆ ಬೆರೆಸುವಷ್ಟು ಬಿಸಿ ಹಾಲಿಗೆ ಯೀಸ್ಟ್ ಸುರಿದಿದ್ದೆ. ಅಲ್ಲಿಗೆ ಅದರ ಕಥೆ ಮುಗಿಯಿತು. ಈಗ ಮೊಸರಿಗೆ ಹೆಪ್ಪು ಹಾಕುವ ಹಾಲಿನ ಲೆಕ್ಕ ಇಟ್ಟುಕೊಂಡಿದ್ದೇನೆ. 40 ಡಿಗ್ರಿ ಆಸುಪಾಸು ಇರುತ್ತದೆ, ಬೆರಳಿಗೆ ಆ ಬಿಸಿ ಗೊತ್ತು, ಥರ್ಮಾಮೀಟರ್ ಬೇಕಿಲ್ಲ. ಕಾಳಿನಂಥ ಡ್ರೈ ಯೀಸ್ಟ್ ಆದರೆ ಆ ಹಾಲಿನಲ್ಲಿ ಒಂದು ಚಮಚ ಸಕ್ಕರೆಯೊಂದಿಗೆ ಹತ್ತು ನಿಮಿಷ ಬಿಡಿ. ನೊರೆ ಬಂದರೆ ಜೀವ ಇದೆ. ಬಾರದಿದ್ದರೆ ಮೈದಾ ಹಾಳು ಮಾಡಿಕೊಳ್ಳಬೇಡಿ.

ಇಡ್ಲಿ ಪಕ್ಷ, ಬೆಂಗಳೂರು

ಹತ್ತಿರದ ಬೇಕರಿಯಿಂದ ಒಂದು ದಿಲ್‌ಪಸಂದ್ ತಂದಿದ್ದರೆ ಮಗು ಸಂತೋಷವಾಗಿರುತ್ತಿತ್ತು, ಅತ್ತೆ ಸಂತೋಷವಾಗಿರುತ್ತಿದ್ದರು, ಕುಕ್ಕರಿನ ವಾಶರ್‌ಗೂ ಮನೆ ಉಳಿಯುತ್ತಿತ್ತು.

ಹಳೆಯ ಭಟ್ಟಿ, ಹಾಸನ

ಇಪ್ಪತ್ತೆಂಟು ವರ್ಷ ಬೆಂಗಳೂರಿನ ಒಂದು ಅಯ್ಯಂಗಾರ್ ಬೇಕರಿಯಲ್ಲಿ ಹಿಟ್ಟು ನಾದಿ ಈಗ ಊರಲ್ಲಿದ್ದೇನೆ. 1898ರಲ್ಲಿ ಚಿಕ್ಕಪೇಟೆಯಲ್ಲಿ ಮೊದಲ ಅಯ್ಯಂಗಾರ್ ಬೇಕರಿ ಶುರುವಾದಾಗಿನಿಂದ ಈ ಕೆಲಸಕ್ಕೂ ನಮ್ಮ ಜಿಲ್ಲೆಗೂ ನಂಟು. ಸಿನಮನ್ ರೋಲ್ ನಾವು ಮಾಡುತ್ತಿರಲಿಲ್ಲ. ಆದರೆ ಸಿಹಿ ಬನ್ನಿನ ಹಿಟ್ಟಿಗೂ ಇದರ ಹಿಟ್ಟಿಗೂ ಹೆಚ್ಚು ದೂರವಿಲ್ಲ, ಆದ್ದರಿಂದ ಹೇಳುತ್ತೇನೆ.

ಅಮ್ಮಾ, ನಾದುವಾಗ ಕೈಗೆ ಅಂಟಿತೆಂದು ಮೇಲಿಂದ ಮೇಲೆ ಮೈದಾ ಉದುರಿಸಿದಿರಿ ಅಲ್ಲವೇ? ನೀವು ಬರೆದಿಲ್ಲ. ಆದರೆ ಕೋಡುಬಳೆ ಎಂದ ಕೂಡಲೇ ಗೊತ್ತಾಯಿತು. ಎಲ್ಲರೂ ಚಪಾತಿ ಹಿಟ್ಟಿನ ಹದಕ್ಕೆ ತಂದು ನಿಲ್ಲಿಸುತ್ತಾರೆ. ಇದಕ್ಕೆ ಬೇಕಾದದ್ದು ಹೋಳಿಗೆ ಕಣಕದ ಕಡೆಗೆ ವಾಲುವ ಹದ. ಮೊದಲ ಐದು ನಿಮಿಷ ಅಂಟುತ್ತದೆ, ಅಂಟಲಿ. ಹನ್ನೆರಡು ಹದಿನೈದು ನಿಮಿಷ ನಾದಿದರೆ ತಾನಾಗಿಯೇ ಕೈ ಬಿಡುತ್ತದೆ. ನಿಂಬೆಯಷ್ಟು ಹಿಟ್ಟು ಹರಿದುಕೊಂಡು ಎರಡೂ ಕೈಯ ಬೆರಳುಗಳಲ್ಲಿ ನಿಧಾನಕ್ಕೆ ಹಿಗ್ಗಿಸಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಹರಿಯದೆ ಪೊರೆಯಂತಾಗಿ ಆಚೆಯ ಬೆಳಕು ಕಂಡರೆ ನಾದಿದ್ದು ಸಾಕು. ನಾವು ಹೊಸ ಹುಡುಗರಿಗೆ ಮೊದಲು ಕಲಿಸುತ್ತಿದ್ದದ್ದೇ ಅದು.

ಲೋಟದ ಅಳತೆ ಬಿಡಿ, ತೂಕ ಮಾಡಿ. ಅರ್ಧ ಕಿಲೋ ಮೈದಾಕ್ಕೆ 280ರಿಂದ 300 ಮಿಲಿ ಹಾಲು, ಬೆಣ್ಣೆ 75 ಗ್ರಾಂ, ಸಕ್ಕರೆ 75 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಉಪ್ಪು 7 ಗ್ರಾಂ. ಮೊಟ್ಟೆ ಬೇಕಿಲ್ಲ. ಬೆಣ್ಣೆಯನ್ನು ಮೊದಲೇ ಸುರಿಯಬೇಡಿ, ಹಿಟ್ಟು ಅರ್ಧ ನಾದಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಚಕ್ಕೆ ಪುಡಿಯನ್ನು ಕಣಕಕ್ಕೆ ಬೆರೆಸಲೇಬಾರದು, ಅದು ಯೀಸ್ಟಿನ ಕೈ ಕಟ್ಟಿಹಾಕುತ್ತದೆ. ಅದರ ಜಾಗ ಹೂರಣದಲ್ಲಿ.

ಬೆಲ್ಲ ಕೆಳಗಿಳಿದದ್ದಕ್ಕೆ ಕರಗಿಸಿದ ಬೆಣ್ಣೆ ಅರ್ಧ ಕಾರಣ, ಬೆಲ್ಲದಲ್ಲಿರುವ ತೇವ ಇನ್ನರ್ಧ. ಬೆಣ್ಣೆ ಬೆರಳಿಗೆ ಒತ್ತುವಷ್ಟು ಮೆತ್ತಗಿದ್ದರೆ ಸಾಕು. ಸಕ್ಕರೆಯೋ ಬೆಲ್ಲವೋ ಚಕ್ಕೆಯ ಜೊತೆ ಬೆಣ್ಣೆಗೇ ಕಲಸಿ, ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿ ಸವರಿ, ಎಲ್ಲಿಯೂ ಓಡಿಹೋಗುವುದಿಲ್ಲ. ಸುರುಳಿಯನ್ನು ಚಾಕುವಿನಿಂದ ಕುಯ್ಯಬೇಡಿ, ಚಪ್ಪಟೆಯಾಗುತ್ತದೆ. ಬೇಯಿಸಿದ ಮೊಟ್ಟೆಯನ್ನು ದಾರದಲ್ಲಿ ಕತ್ತರಿಸುವುದಿಲ್ಲವೇ, ಹಾಗೆಯೇ. ಹೂವು ಕಟ್ಟುವ ದಾರವನ್ನು ಸುರುಳಿಯ ಕೆಳಗೆ ತೂರಿಸಿ, ಮೇಲೆ ಅಡ್ಡಹಾಯಿಸಿ ಎಳೆಯಿರಿ.

ಸಣ್ಣ ಓಟಿಜಿಯಲ್ಲಿ ಮೇಲಿನ ಸಲಾಕೆ ತಿಂಡಿಗೆ ತೀರಾ ಹತ್ತಿರ. ತಟ್ಟೆಯನ್ನು ಕೆಳಗಿನ ಅಂತಸ್ತಿನಲ್ಲಿಡಿ, ಮೊದಲೇ ಕಾಯಿಸಿದ 180 ಡಿಗ್ರಿಯಲ್ಲಿ 22ರಿಂದ 25 ನಿಮಿಷ. ಅರ್ಧದಲ್ಲೇ ಕೆಂಪಾದರೆ ಮೇಲೊಂದು ಫಾಯಿಲ್ ಹೊದಿಸಿ. ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ತಳದಲ್ಲಿ ಕುದಿಯುವ ಸಕ್ಕರೆ ಪಾಕ ಕೈಗೆ ತಗುಲಿದರೆ ಬಿಸಿನೀರಿನಂತೆ ಜಾರಿ ಹೋಗುವುದಿಲ್ಲ, ಕಚ್ಚಿಕೊಂಡು ಸುಡುತ್ತಲೇ ಇರುತ್ತದೆ. ತಕ್ಷಣ ನಲ್ಲಿಯ ಕೆಳಗೆ ಹಿಡಿದು 20 ನಿಮಿಷ ಹರಿಯುವ ನೀರು ಬಿಡಿ. ಟೂತ್‌ಪೇಸ್ಟ್, ಶಾಯಿ, ಐಸ್ ಯಾವುದೂ ಬೇಡ. ನನ್ನ ಎಡ ಮುಂಗೈಯಲ್ಲಿ ಆ ಪಾಠದ ಗುರುತು ಇನ್ನೂ ಇದೆ.

ಹಿತ್ತಲ ಕರಿಬೇವು, ಮೈಸೂರು

ಹಳೆಯ ಭಟ್ಟಿ ಸರ್, ಕೈಮುಗಿದೆ. ಮೈದಾ ಉದುರಿಸಿದ್ದು ನಿಜ, ಒಂದು ಲೋಟಕ್ಕಿಂತ ಹೆಚ್ಚೇ. ಬನ್ಸ್ ಅವರೇ, ಹಾಲೂ ಬಿಸಿಯೇ ಇತ್ತು. ಕುದಿಸಿ ಇಳಿಸಿ ಐದು ನಿಮಿಷವೂ ಆಗಿರಲಿಲ್ಲ. ಮುಂದಿನ ಭಾನುವಾರ ಮತ್ತೆ ಮಾಡುತ್ತೇನೆ. ತೂಕದ ಯಂತ್ರ ಪಕ್ಕದ ಮನೆಯಿಂದ ಕೇಳಿ ತಂದಿದ್ದೇನೆ. ಇಡ್ಲಿ ಪಕ್ಷದವರೇ, ವಾಶರ್‌ಗಳಿಗೆ ಈಗ ಬೇರೆ ಮನೆ ಸಿಕ್ಕಿದೆ, ಚಿಂತೆ ಬೇಡ.

ಪೇಡೆ ಊರಿನವಳು, ಧಾರವಾಡ

ಎಡವಟ್ಟುಗಳ ಪಟ್ಟಿಗೆ ನನ್ನದೂ ಇರಲಿ. ತಟ್ಟೆಗೆ ಕಾಗದ ಹಾಸಬೇಕೆಂದು ಓದಿದ್ದೆ. ಮನೆಯಲ್ಲಿ ಪೇಡೆ ಡಬ್ಬಿಯೊಳಗೆ ಹಾಸುವ ಬೆಣ್ಣೆ ಕಾಗದ ಇತ್ತು, ಅದನ್ನೇ ಹಾಸಿದೆ. ಹತ್ತನೇ ನಿಮಿಷಕ್ಕೆ ಮನೆತುಂಬ ಮೇಣದಬತ್ತಿ ಆರಿಸಿದ ವಾಸನೆ, ಹೊಗೆ. ರೋಲುಗಳ ತಳಕ್ಕೆ ಆ ಕಾಗದ ಚರ್ಮದ ಹಾಗೆ ಹತ್ತಿಕೊಂಡಿತ್ತು. ಮಕ್ಕಳು ಮೇಲಿನ ಅರ್ಧ ತಿಂದು, ಕೆಳಗಿನ ಅರ್ಧವನ್ನು ಸಾಲಾಗಿ ತಟ್ಟೆಯಲ್ಲಿ ಬಿಟ್ಟು ಎದ್ದರು. ಓವನ್ನಿಗೆ ಬೇಕಾದದ್ದು ಸಿಲಿಕೋನ್ ಲೇಪವಿರುವ ಬೇಕಿಂಗ್ ಕಾಗದ. ಅಂಗಡಿಯವರು ಎರಡಕ್ಕೂ ಬಟರ್ ಪೇಪರ್ ಎನ್ನುತ್ತಾರೆ, ಕೇಳಿ ತೆಗೆದುಕೊಳ್ಳಿ. ಸಿಗದಿದ್ದರೆ ತಟ್ಟೆಗೆ ತುಪ್ಪ ಸವರಿ ಮೈದಾ ಚಿಮುಕಿಸಿದರೆ ಸಾಕು.

ಎರಡನೆಯ ಸಲ ಗಾಜಿನ ಟ್ರೇ. ಅದರ ಕಥೆ ಇನ್ನೂ ಚಿಕ್ಕದು. ರೋಲು ಬಹಳ ಚೆನ್ನಾಗಿ ಬಂದಿತ್ತು. ಮಸಿಬಟ್ಟೆಯಲ್ಲಿ ಹಿಡಿದು ತಂದು ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟೆ. ಕಟ್ಟೆಯನ್ನು ಆಗಷ್ಟೇ ಒದ್ದೆ ಬಟ್ಟೆಯಿಂದ ಒರೆಸಿದ್ದರು. ಫಟ್! ಬಿಸಿ ಗಾಜಿಗೆ ತಣ್ಣೀರು ತಾಗಿದರೆ ಏನಾಗುತ್ತದೆ ಎಂಬುದು ಶಾಲೆಯಲ್ಲಿ ಓದಿದ್ದು ಆಗ ನೆನಪಾಯಿತು. ಹನ್ನೆರಡು ರೋಲಿನಲ್ಲಿ ಒಂದನ್ನೂ ಬಾಯಿಗಿಡಲು ಧೈರ್ಯವಾಗಲಿಲ್ಲ. ನಾಲ್ಕು ತಿಂಗಳ ನಂತರ ದೀಪಾವಳಿಗೆ ಮನೆ ತೊಳೆಯುವಾಗ ಫ್ರಿಜ್ಜಿನ ಕೆಳಗೆ ಒಂದು ಗಾಜಿನ ಚೂರು ಸಿಕ್ಕಿತು, ಅದರ ಮೇಲೆ ಒಂದು ಒಣದ್ರಾಕ್ಷಿ.

ಪ್ಲಗ್ ಪಾಯಿಂಟ್, ತುಮಕೂರು

ನಾನು ವೈರಿಂಗ್ ಕೆಲಸದವನು, ರೋಲಿನ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಒಂದೂವರೆ ವರ್ಷ ಮೂಲೆಯಲ್ಲಿದ್ದ ಓಟಿಜಿ ಎಂದು ಓದಿ ಸುಮ್ಮನಿರಲು ಆಗಲಿಲ್ಲ. ಯಾವ ಪಾಯಿಂಟಿಗೆ ಹಾಕಿದ್ದೀರಿ ಮೇಡಂ? 2000 ವಾಟಿನದಾದರೆ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಸಾಕೆಟ್ಟು 6 ಆಂಪಿಯರಿನದು. ದಪ್ಪ ಪಿನ್ನಿಗೆ ಅಡಾಪ್ಟರ್ ಸಿಕ್ಕಿಸಿ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ನಡೆಸುವವರನ್ನು ವಾರಕ್ಕೊಬ್ಬರನ್ನು ನೋಡುತ್ತೇನೆ. ಪ್ಲಾಸ್ಟಿಕ್ ಕರಗಿದ ಮೇಲೆ ನನಗೆ ಫೋನು ಬರುತ್ತದೆ. ಮಿಕ್ಸಿ, ಗ್ರೈಂಡರ್ ಬೇರೆ ಮಾತು; ಬಿಸಿ ಮಾಡುವ ಯಂತ್ರಗಳಿಗೆ 16 ಆಂಪಿಯರ್ ಪಾಯಿಂಟೇ ಬೇಕು, ಅರ್ಥಿಂಗ್ ಸರಿಯಿರಬೇಕು. ಮುಟ್ಟಿದಾಗ ಮೈ ಝುಮ್ ಎಂದರೆ "ಸ್ವಲ್ಪ ಹೊಡೆಯುತ್ತದೆ ಅಷ್ಟೇ" ಎಂದು ಚಪ್ಪಲಿ ಹಾಕಿಕೊಂಡು ಅಡುಗೆ ಮುಂದುವರಿಸಬೇಡಿ. ಗೀಸರ್ ಮತ್ತು ಓಟಿಜಿ ಒಟ್ಟಿಗೆ ಹಾಕಿ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್ಚು) ಬಿದ್ದರೆ ಅದು ಎಂಸಿಬಿಯ ತಪ್ಪಲ್ಲ.

ಮರೆಗುಳಿ ಮೇಷ್ಟ್ರು, ಶಿರಸಿ

ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದವನು. ಭಟ್ಟಿಯವರು ಚಕ್ಕೆಯ ಬಗ್ಗೆ ಹೇಳಿದ್ದು ಸರಿ. ಅದರ ಪರಿಮಳಕ್ಕೆ ಕಾರಣವಾದ ಸಿನಮಾಲ್ಡಿಹೈಡ್ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆ, ಯೀಸ್ಟೂ ಒಂದು ಸೂಕ್ಷ್ಮಜೀವಿಯೇ.

ಅಂದ ಹಾಗೆ, ನಮ್ಮ ಅಂಗಡಿಗಳಲ್ಲಿ ಚಕ್ಕೆ ಎಂದು ಸಿಗುವುದು ಬಹುಪಾಲು ಕ್ಯಾಸಿಯಾ. ದಪ್ಪ ತೊಗಟೆ, ಗಡುಸು, ಖಾರ ಹೆಚ್ಚು. ಶ್ರೀಲಂಕಾದ ದಾಲ್ಚಿನ್ನಿ ತೆಳ್ಳಗೆ, ಸುತ್ತಿಟ್ಟ ದಿನಪತ್ರಿಕೆಯಂತೆ ಪದರ ಪದರವಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಬಿಸಿಬೇಳೆ ಬಾತಿಗೆ ಕ್ಯಾಸಿಯಾದ ಜೋರೇ ಬೇಕು. ರೋಲಿಗೆ ಎರಡೂ ಆಗುತ್ತದೆ, ನನ್ನ ನಾಲಿಗೆಗೆ ತೆಳ್ಳನೆಯದು ಹೆಚ್ಚು ಹಿತ. ಕ್ಯಾಸಿಯಾದಲ್ಲಿ ಕುಮರಿನ್ ಎಂಬ ವಸ್ತು ಹೆಚ್ಚಿರುತ್ತದೆ, ದಿನಾ ಚಮಚಗಟ್ಟಲೆ ತಿಂದರೆ ಯಕೃತ್ತಿಗೆ ಒಳ್ಳೆಯದಲ್ಲ. ತಿಂಗಳಿಗೊಮ್ಮೆ ಒಂದು ರೋಲು ತಿನ್ನುವವರು ಯೋಚಿಸಬೇಕಾಗಿಲ್ಲ.

ನನ್ನ ಎಡವಟ್ಟು: ಆ ದಪ್ಪ ಚಕ್ಕೆಯನ್ನು ಮಿಕ್ಸಿಗೆ ಹಾಕಿ, ನಿಂತ ಕೂಡಲೇ ಮುಚ್ಚಳ ತೆಗೆದು, ಬಾಗಿ ಮೂಸಿದೆ. ಅರ್ಧ ಗಂಟೆ ಸೀನಿದೆ. ಕನ್ನಡಕ ಎಲ್ಲಿಟ್ಟೆನೆಂದು ಮರುದಿನದವರೆಗೆ ಹುಡುಕಿದೆ. ಸಕ್ಕರೆ ಡಬ್ಬಿಯಲ್ಲಿತ್ತು.

ಉಪ್ಸಾಲ ಚಳಿ, ಸ್ವೀಡನ್

ಹಾವೇರಿಯವನು, ಒಂಬತ್ತು ವರ್ಷದಿಂದ ಇಲ್ಲಿದ್ದೇನೆ. ಈ ತಿನಿಸಿನ ತವರಿನಲ್ಲಿ ಕುಳಿತು ಸುಮ್ಮನಿರುವುದು ಸರಿಯಲ್ಲ. ಇಲ್ಲಿ ಇದು ಕಾನೆಲ್‌ಬುಲ್ಲೆ. ಅಕ್ಟೋಬರ್ 4 ಇದರದೇ ದಿನ. ಮನೆಯಲ್ಲಿ ಬೇಕಿಂಗ್ ಮಾಡುವುದನ್ನು ಪ್ರೋತ್ಸಾಹಿಸುವ ಮಂಡಳಿಯೊಂದು ತನ್ನ 40ನೇ ವರ್ಷದ ನೆನಪಿಗೆ 1999ರಲ್ಲಿ ಶುರು ಮಾಡಿದ್ದು. ಆ ದಿನ ಕಚೇರಿಯಲ್ಲಿ ಯಾರಾದರೂ ತಟ್ಟೆ ತುಂಬ ತಂದೇ ತರುತ್ತಾರೆ.

ಅಮೆರಿಕದ ವಿಡಿಯೊಗಳಲ್ಲಿ ಕಾಣುವ, ಮೇಲೆ ಬಿಳಿ ಐಸಿಂಗ್ ಸುರಿದ, ಒಂದಕ್ಕೊಂದು ಅಂಟಿ ಕುಳಿತ ರೋಲಿಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಬಿಡಿ ಬಿಡಿಯಾಗಿ ಕಾಗದದ ಬಟ್ಟಲಿನಲ್ಲಿಟ್ಟು, 225 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷಕ್ಕೇ ತೆಗೆದುಬಿಡುತ್ತಾರೆ. ಐಸಿಂಗ್ ಇಲ್ಲ, ಸಾಬೂದಾನಿಯಂಥ ಗಟ್ಟಿ ಸಕ್ಕರೆ ಹರಳು ಉದುರಿಸುತ್ತಾರೆ. ಮತ್ತು ಕಣಕಕ್ಕೆ ಏಲಕ್ಕಿ! ನಯವಾಗಿ ಪುಡಿ ಮಾಡದೆ ತರಿತರಿಯಾಗಿ ಕುಟ್ಟಿ ಹಾಕುತ್ತಾರೆ. ಏಲಕ್ಕಿ ಹಾರದ ಊರಿನಿಂದ ಬಂದ ನನಗೆ ಮೊದಲ ತುತ್ತಿಗೇ ಮನೆಗೆ ಬಂದ ಹಾಗಾಯಿತು. ಕರಿಬೇವು ಅಕ್ಕ ಮುಂದಿನ ಸಲ ಅರ್ಧ ಕಿಲೋ ಮೈದಾಕ್ಕೆ ಎರಡು ಸಣ್ಣ ಚಮಚ ಏಲಕ್ಕಿ ತರಿ ಹಾಕಿ ನೋಡಿ. ಪಕ್ಕದ ಫಿನ್ಲೆಂಡಿನಲ್ಲಿ ಇದೇ ತಿನಿಸಿಗೆ ಕೊರ್ವಪೂಸ್ತಿ ಎಂದು ಹೆಸರು. ಅರ್ಥ, ಕಿವಿಯ ಮೇಲೆ ಬಿದ್ದ ಏಟು. ಕಪಾಳಮೋಕ್ಷ ಎಂದರೂ ನಡೆಯುತ್ತದೆ.

ಮೇಷ್ಟ್ರು ಹೇಳಿದ ಕುಮರಿನ್ ಕಾರಣಕ್ಕೆ 2013ರಲ್ಲಿ ಡೆನ್ಮಾರ್ಕಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಸಾಮಾನ್ಯ ಬೇಕರಿ ತಿನಿಸಿಗೆ ಕಿಲೋಗೆ 15 ಮಿಲಿಗ್ರಾಂ ಮಿತಿ, ಸಾಂಪ್ರದಾಯಿಕ ಮತ್ತು ಹಬ್ಬದ ತಿನಿಸಿಗೆ 50. ನಮ್ಮ ರೋಲು ಯಾವ ಸಾಲಿಗೆ ಸೇರುತ್ತದೆ ಎಂಬುದೇ ಜಗಳ. ಇಲ್ಲಿನವರು ಜಾಣರು, ಮೊದಲೇ ಸಾಂಪ್ರದಾಯಿಕ ಎಂದುಬಿಟ್ಟಿದ್ದರು. ಡೇನರೂ ಆಮೇಲೆ ಅದೇ ದಾರಿ ಹಿಡಿದರು.

ನನ್ನ ಎಡವಟ್ಟು ಜನವರಿಯದು. ಹೊರಗೆ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ಹಿಟ್ಟು ಬೆಚ್ಚಗಿರಲೆಂದು ಪಾತ್ರೆಯನ್ನು ಕಿಟಕಿಯ ಕೆಳಗಿನ ರೇಡಿಯೇಟರಿನ ಮೇಲಿಟ್ಟು ಬಟ್ಟೆ ಒಗೆಯಲು ಹೋದೆ. ನಮ್ಮ ಕಟ್ಟಡದಲ್ಲಿ ಒಗೆಯುವ ಕೋಣೆ ಎಲ್ಲರಿಗೂ ಸೇರಿದ್ದು, ಸರದಿ ತಪ್ಪಿಸಿದರೆ ನೆರೆಯವರು ಚೀಟಿ ಅಂಟಿಸುತ್ತಾರೆ. ಎರಡು ಗಂಟೆ ಬಿಟ್ಟು ಬಂದರೆ ಹಿಟ್ಟು ಪಾತ್ರೆಯಿಂದ ಎದ್ದು, ಇಳಿದು, ರೇಡಿಯೇಟರಿನ ಸೀಳುಗಳ ಒಳಗೆ ಹೋಗಿ ಅಲ್ಲೇ ಬೇಯುತ್ತಿತ್ತು. ಚಳಿಗಾಲ ಮುಗಿಯುವವರೆಗೆ ಹೀಟರ್ ಹಾಕಿದಾಗೆಲ್ಲ ಮನೆ ಬೇಕರಿಯ ವಾಸನೆ ಹೊಡೆಯುತ್ತಿತ್ತು. ನಿಜ ಹೇಳಬೇಕೆಂದರೆ ಅದೇನೂ ಕೆಟ್ಟದಾಗಿರಲಿಲ್ಲ.

ಇಡ್ಲಿ ಪಕ್ಷ, ಬೆಂಗಳೂರು

ಗಮನಿಸಿ: ಇಲ್ಲಿಯವರೆಗೆ ಒಂದು ಗಾಜಿನ ಟ್ರೇ, ಒಂದು ಕನ್ನಡಕ, ಒಂದು ರೇಡಿಯೇಟರ್. ಇಡ್ಲಿಯಿಂದ ಇಷ್ಟು ಹಾನಿಯಾದ ದಾಖಲೆ ನನ್ನ ಬಳಿ ಇಲ್ಲ.

ಬನ್ಸ್ ಪ್ರಿಯೆ, ಮಂಗಳೂರು

ಇಡ್ಲಿ ಹಿಟ್ಟು ರಾತ್ರಿ ಉಕ್ಕಿ ಕಟ್ಟೆಯಿಂದ ಇಳಿದು ಸಿಲಿಂಡರ್ ತಲುಪಿದ ಮನೆಗಳನ್ನು ನಮ್ಮೂರಿಗೆ ಬಂದರೆ ತೋರಿಸುತ್ತೇನೆ, ಬೇಸಿಗೆಯಲ್ಲಿ ಬನ್ನಿ.

ಹಿತ್ತಲ ಕರಿಬೇವು, ಮೈಸೂರು (ಮುಂದಿನ ಭಾನುವಾರ)

ಎರಡನೆಯ ಪ್ರಯತ್ನದ ವರದಿ. ಈ ಸಲ ನಾನು ಯಾವ ತಪ್ಪನ್ನೂ ಮಾಡಲಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಎಲ್ಲವನ್ನೂ ತೂಗಿದೆ. ಹೆಪ್ಪು ಹಾಕುವ ಬಿಸಿಯ ಹಾಲು. ಹದಿನಾಲ್ಕು ನಿಮಿಷ ನಾದಿದೆ, ಮಗಳು ಗಡಿಯಾರ ನೋಡುತ್ತಿದ್ದಳು. ಹಿಟ್ಟಿನ ಪೊರೆಯನ್ನು ಕಿಟಕಿಗೆ ಹಿಡಿದರೆ ಆಚೆಯ ನುಗ್ಗೆಮರ ಹಸಿರಾಗಿ ಕಂಡಿತು. ಒದ್ದೆ ಬಟ್ಟೆ ಮುಚ್ಚಿ ಕಟ್ಟೆಯ ಮೂಲೆಯಲ್ಲಿಟ್ಟು, ಮಗಳನ್ನು ಭರತನಾಟ್ಯದ ತರಗತಿಗೆ ಬಿಟ್ಟು ಅಲ್ಲೇ ಕಾದು ಕರೆದುಕೊಂಡು ಬಂದೆ. ಒಂದೂವರೆ ಗಂಟೆ.

ಬಾಗಿಲಲ್ಲೇ ಎಣ್ಣೆಯ ವಾಸನೆ. ಒಳಗೆ ಅತ್ತೆಯ ತಮ್ಮ, ಅಂದರೆ ನಮ್ಮ ಯಜಮಾನರ ಸೋದರಮಾವ, ಹೇಳದೆ ಕೇಳದೆ ನಂಜನಗೂಡಿನಿಂದ ಬಂದು ಕುಳಿತಿದ್ದಾರೆ. ಮುಂದೆ ತಟ್ಟೆ. ತಟ್ಟೆಯಲ್ಲಿ ಫುಟ್‌ಬಾಲಿನಂತೆ ಉಬ್ಬಿದ ಪೂರಿಗಳು, ಪಕ್ಕದಲ್ಲಿ ಆಲೂಗಡ್ಡೆ ಸಾಗು. "ನೀನು ಪೂರಿಗೆ ಕಲಸಿಟ್ಟಿದ್ದು ಒಳ್ಳೆಯದೇ ಆಯಿತು ನೋಡಮ್ಮ, ಎಷ್ಟು ಚೆನ್ನಾಗಿ ಉಬ್ಬುತ್ತಿದೆ!" ಎಂದು ಅತ್ತೆ ಬಾಣಲೆಯ ಮುಂದೆ ನಿಂತು ಹೇಳಿದರು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಹಿಟ್ಟಿನಲ್ಲಿ ಏಲಕ್ಕಿಯೂ ಇತ್ತಲ್ಲ, ಮಾವನವರು ಏಳು ಪೂರಿ ತಿಂದು, "ಮೈಸೂರಿನ ಪೂರಿಯ ರುಚಿಯೇ ಬೇರೆ" ಎಂದು ಎಲೆ ಅಡಿಕೆಗೆ ಕೈಚಾಚಿದರು. ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಆಮೇಲೆ ಹೊರಗೆ ಬಂದು ನಾಲ್ಕು ತಿಂದಳು.

ಹಳೆಯ ಭಟ್ಟಿ, ಹಾಸನ

ಹಿಟ್ಟು ಸರಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮೂರನೆಯ ಸಲ ಪಾತ್ರೆಯ ಮೇಲೆ ಚೀಟಿ ಅಂಟಿಸಿ. ಬೇಕಿದ್ದರೆ ರಾತ್ರಿಯೇ ನಾದಿ ಫ್ರಿಜ್ಜಿನಲ್ಲಿಡಿ. ಚಳಿಯಲ್ಲಿ ನಿಧಾನವಾಗಿ ಉಬ್ಬಿದ ಹಿಟ್ಟಿಗೆ ರುಚಿ ಹೆಚ್ಚು, ಲಟ್ಟಿಸುವುದೂ ಸುಲಭ, ಫ್ರಿಜ್ಜಿನ ಹಿಂಬದಿಗೆ ಪೂರಿಯ ಕಣ್ಣೂ ಬೀಳುವುದಿಲ್ಲ.

ಹಿತ್ತಲ ಕರಿಬೇವು, ಮೈಸೂರು (ಮಂಗಳವಾರ ರಾತ್ರಿ)

ರಜೆಯಿತ್ತು, ಭಾನುವಾರದವರೆಗೆ ಕಾಯಲು ಆಗಲಿಲ್ಲ. ಭಟ್ಟಿಯವರು ಹೇಳಿದಂತೆ ರಾತ್ರಿಯೇ ನಾದಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಲಟ್ಟಣಿಗೆಯಲ್ಲಿ ಹರಡಿ, ಚಕ್ಕೆ (ಮೂರು ಜನ ಮೂಸಿ ನೋಡಿದೆವು), ಬೆಲ್ಲ, ಕಾರ್ನ್‌ಫ್ಲೋರ್ ಕಲಸಿದ ಬೆಣ್ಣೆ ಸವರಿ ಸುತ್ತಿದೆ. ದಾರದಲ್ಲಿ ಕತ್ತರಿಸುವ ಕೆಲಸವನ್ನು ಅತ್ತೆಯೇ ವಹಿಸಿಕೊಂಡರು. ಮಲ್ಲಿಗೆ ಕಟ್ಟುವ ಕೈ, ಹನ್ನೆರಡೂ ಅಚ್ಚು ಹಾಕಿದ ಹಾಗೆ ಬಂದವು. ಇನ್ನೊಮ್ಮೆ ಉಬ್ಬಲು ಬಿಟ್ಟು, 180 ಡಿಗ್ರಿಗೆ ಕಾಯಿಸಿ, 16 ಆಂಪಿಯರ್ ಪಾಯಿಂಟಿನಲ್ಲೇ (ಪ್ಲಗ್ ಪಾಯಿಂಟ್ ಸರ್, ಗಮನಿಸಿ) ಇಟ್ಟು ಸ್ನಾನಕ್ಕೆ ಹೋದೆ. ಗೀಸರ್ ಮೊದಲೇ ಆರಿಸಿದ್ದೆ.

ಹೊರಗೆ ಬಂದಾಗ ಅತ್ತೆ ರೋಲುಗಳನ್ನು ಹೊರತೆಗೆದು ಇಟ್ಟಿದ್ದರು. "ಟಿಂಗ್ ಎಂದಿತು, ತೆಗೆದೆ." ನೋಡಿದರೆ ಮಂಜಿನಂತೆ ಬಿಳಿ. ಕರೆಂಟು ಹೋಗಿ ಎಷ್ಟು ಹೊತ್ತಾಗಿತ್ತೋ. ನಮ್ಮ ಓಟಿಜಿಯ ಟೈಮರು ತಿರುಗಿಸಿ ಬಿಡುವ ಸ್ಪ್ರಿಂಗಿನದು. ಅದಕ್ಕೆ ಕರೆಂಟು ಬೇಕಿಲ್ಲ, ಒಲೆ ಆರಿದ್ದರೂ ತನ್ನ ಪಾಡಿಗೆ ಟಿಕ್ ಟಿಕ್ ಎಂದು ಓಡಿ ಗಂಟೆ ಬಾರಿಸಿದೆ. ಬೈಯಲು ಯಾರೂ ಸಿಗಲಿಲ್ಲ.

ಮತ್ತೆ ಒಳಗಿಟ್ಟು ಬಾಗಿಲು ಮುಚ್ಚಿದೆ. ಹತ್ತು ನಿಮಿಷಕ್ಕೆ ಕರೆಂಟು ಬಂತು. ಲೆಕ್ಕವೆಲ್ಲ ತಪ್ಪಿದ್ದರಿಂದ ನೋಡಿ ನೋಡಿ ಬೇಯಿಸಿದೆ, ಹದಿನೆಂಟು ನಿಮಿಷ ಹಿಡಿಯಿತು. ಹೊರಗಿನ ಸಾಲು ಸ್ವಲ್ಪ ಹೆಚ್ಚೇ ಕೆಂಪು. ಆದರೆ ನಡುವಿನ ನಾಲ್ಕು! ಎಳೆದರೆ ಹತ್ತಿಯಂತೆ ಎಳೆ ಎಳೆಯಾಗಿ ಬಿಟ್ಟುಕೊಂಡವು, ಒಳಸುತ್ತಿನಲ್ಲಿ ಹೂರಣ ಇನ್ನೂ ಜಿನುಗುತ್ತಿತ್ತು, ತಳದಲ್ಲಿ ಟಾರಿಲ್ಲ. ಮಗಳು ಆ ನಾಲ್ಕನ್ನೂ ತನ್ನ ಹೆಸರಿಗೆ ಬರೆಸಿಕೊಂಡಳು. ಅತ್ತೆ ಒಂದು ತಿಂದು, "ಚೆನ್ನಾಗಿದೆ. ಒಂದು ಚಿಟಿಕೆ ಜಾಯಿಕಾಯಿ ಬೀಳಬೇಕಿತ್ತು" ಎಂದರು. ಅವರು ಹೇಳಿದರೆಂದರೆ ಇರಬಹುದು. ಉಳಿದವುಗಳನ್ನು ಫ್ರಿಜ್ಜಿನಲ್ಲಿಡಬಹುದೇ?

ಪೇಡೆ ಊರಿನವಳು, ಧಾರವಾಡ

ಅಭಿನಂದನೆ! ಫ್ರಿಜ್ಜು ಬೇಡ ಅಕ್ಕಾ, ಬ್ರೆಡ್ಡು ಬನ್ನು ಎಲ್ಲ ಅಲ್ಲಿ ಬೇಗ ಒಣಕಲಾಗುತ್ತವೆ. ಎರಡು ದಿನ ಬಿಗಿ ಡಬ್ಬಿಯಲ್ಲಿ ಹೊರಗೇ ಇರಲಿ, ಹೆಚ್ಚು ದಿನಕ್ಕಾದರೆ ಫ್ರೀಜರಿನಲ್ಲಿಡಿ. ತಿನ್ನುವಾಗ ಇಡ್ಲಿ ಪಾತ್ರೆಯಲ್ಲಿ ಎರಡು ನಿಮಿಷ ಹಬೆಗಿಟ್ಟರೆ ಆಗಷ್ಟೇ ಮಾಡಿದ ಹಾಗಾಗುತ್ತದೆ. ಇಡ್ಲಿ ಪಕ್ಷದವರಿಗೂ ಸ್ವಲ್ಪ ಪಾಲು ಸಿಕ್ಕಿದಂತಾಯಿತು.

ಹೊಸ ಸೊಸೆ, ಮಂಡ್ಯ

ನಾನು ತಡವಾಗಿ ಬಂದೆ, ಎಲ್ಲವನ್ನೂ ಓದಿದೆ. ನಮ್ಮ ಮನೆಯಲ್ಲಿ ಮೈದಾ ತರುವುದಿಲ್ಲ. ಇದನ್ನು ರಾಗಿ ಹಿಟ್ಟಿನಲ್ಲಿ ಮಾಡಬಹುದೇ?

ಇಡ್ಲಿ ಪಕ್ಷ, ಬೆಂಗಳೂರು

ಮಾಡಬಹುದು. ಅದಕ್ಕೆ ಮುದ್ದೆ ಎನ್ನುತ್ತಾರೆ.

ಹಳೆಯ ಭಟ್ಟಿ, ಹಾಸನ

ಅವರ ಮಾತು ಅರ್ಧ ನಿಜ ತಾಯಿ. ರಾಗಿಗೆ ಗೋಧಿಯ ಜಿಗುಟಿಲ್ಲ, ಗಾಳಿಯನ್ನು ಹಿಡಿದಿಡುವುದಿಲ್ಲ, ಪೂರ್ತಿ ರಾಗಿಯಲ್ಲಿ ಉಬ್ಬುವುದಿಲ್ಲ. ಗೋಧಿ ಹಿಟ್ಟು 450 ಗ್ರಾಂ, ರಾಗಿ 50 ಗ್ರಾಂ ತೆಗೆದುಕೊಳ್ಳಿ. ಹಾಲು ಇನ್ನೂ 40 ಮಿಲಿ ಹೆಚ್ಚು ಹಿಡಿಯುತ್ತದೆ. ಕಲಸಿದ ಮೇಲೆ ಅರ್ಧ ಗಂಟೆ ಹಾಗೆಯೇ ಬಿಟ್ಟು ಆಮೇಲೆ ನಾದಿ, ತೌಡು ನೀರು ಕುಡಿದು ಮೆತ್ತಗಾಗಲಿ. ಮೈದಾದಷ್ಟು ಹಗುರ ಬರುವುದಿಲ್ಲ. ಪಾತ್ರೆಯ ಮೇಲೆ ಚೀಟಿ ಅಂಟಿಸುವುದನ್ನು ಮರೆಯಬೇಡಿ.